ಕೃಶಸ್ಥೂಲ ಶಿಶು: ಚಿತ್ತರಂಜನ ಯಾಜ್ಞಿಕರ ಪೋಷಣಾ ಸಂಶೋಧನೆ

ತೂಕದಲ್ಲಿ ಹಗುರವಾಗಿ, ಮಾಂಸಖಂಡಗಳಲ್ಲಿ ಬಡವಾಗಿ, ಹೊಟ್ಟೆಯ ಸುತ್ತಳತೆಯಲ್ಲಿ ಕಿರಿದಾಗಿ ಹುಟ್ಟಿದರೂ ಚರ್ಮದ ಅಡಿಯ ಮೇದಸ್ಸನ್ನು ಮಾತ್ರ ಬಹುಮಟ್ಟಿಗೆ ಕಾಪಾಡಿಕೊಂಡು ಬರುವ ಭಾರತೀಯ ನವಜಾತ ಶಿಶುವನ್ನು ಪೋಷಣಾಶಾಸ್ತ್ರದ ಪರಿಭಾಷೆಯಲ್ಲಿ ಕೃಶಸ್ಥೂಲ ಶಿಶುವೆಂದು ಕರೆಯಬಹುದು. ಇಂಥ ಶಿಶುವಿನ ಲಕ್ಷಣವನ್ನು ಅಳತೆಯಿಂದ ನಿರ್ಧರಿಸಿ, ಅದೇ ಶಿಶು ಬೆಳೆದು ನಡುಹರೆಯಕ್ಕೆ ಕಾಲಿಡುವ ವೇಳೆಗೆ ಅದರಲ್ಲಿ ತಲೆದೋರುವ ಮಧುಮೇಹಕ್ಕೂ, ಅದು ಗರ್ಭದಲ್ಲಿದ್ದಾಗ ತಾಯಿ ಉಂಡ ಅಥವಾ ಉಣ್ಣದೆ ಹೋದ ಅನ್ನಕ್ಕೂ ಇರುವ ಸಂಬಂಧವನ್ನು ಹಲವು ದಶಕಗಳ ಕಾಲ ಹಿಡಿದ ಪಟ್ಟು ಬಿಡದೆ ಅನ್ವೇಷಿಸಿದವರು, ಪುಣೆಯ ಕೆಇಎಂ ಆಸ್ಪತ್ರೆಯ ಸಂಶೋಧನ ಕೇಂದ್ರದಲ್ಲಿ ಮಧುಮೇಹ ವಿಭಾಗವನ್ನು ಕಟ್ಟಿ ಬೆಳೆಸಿದ ವೈದ್ಯ ಚಿತ್ತರಂಜನ ಯಾಜ್ಞಿಕರು. ಅವರ ಕಾರ್ಯ ಪುಣೆಯ ಗ್ರಾಮಗಳಿಗೆ ಮಾತ್ರ ಸೇರಿದುದಲ್ಲ. ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿಯೂ ನಮ್ಮ ಮೈಸೂರಿನಲ್ಲಿಯೂ ಅದೇ ಕಾಲದಲ್ಲಿ ಅದೇ ಪ್ರಶ್ನೆಯನ್ನು ಕೈಗೆತ್ತಿಕೊಂಡವರ ಶ್ರಮದೊಡನೆ ಅದು ಹೆಣೆದುಕೊಂಡಿರುವುದರಿಂದ, ಈ ಮೂರು ಎಡೆಗಳ ಕಥೆಯನ್ನು ಒಟ್ಟಾಗಿಯೇ ಹೇಳಬೇಕಾಗುತ್ತದೆ.

ಮಧುಮೇಹವು ಉಂಡು ಕುಳಿತವರ ವ್ಯಾಧಿ, ಸಿರಿವಂತರ ಕಾಯಿಲೆ ಎಂಬ ಮಾತು ನಮ್ಮಲ್ಲಿ ಬಹಳ ಹಳೆಯದು. ಆದರೆ ಅದರ ಜೊತೆಗೇ ಇನ್ನೊಂದು ತಿಳಿವಳಿಕೆಯೂ ಈ ನೆಲದಲ್ಲಿತ್ತೆಂಬುದನ್ನು ಮರೆಯಲಾಗದು. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಮಧುಮೇಹವನ್ನೊಳಗೊಂಡ ಪ್ರಮೇಹವನ್ನು ಎರಡಾಗಿ ವಿಂಗಡಿಸಿ, ಮಾತಾಪಿತೃಗಳ ಬೀಜದೋಷದಿಂದ ಹುಟ್ಟಿನೊಡನೆಯೇ ಬರುವುದನ್ನು ಸಹಜವೆಂದೂ, ಅಹಿತವಾದ ಆಹಾರದಿಂದ ತಂದುಕೊಳ್ಳುವುದನ್ನು ಅಪಥ್ಯನಿಮಿತ್ತವೆಂದೂ ಹೇಳಿ, ಮೊದಲನೆಯ ಬಗೆಯ ರೋಗಿ ಕೃಶನೆಂದೂ ಎರಡನೆಯವನು ಸ್ಥೂಲನೆಂದೂ ಲಕ್ಷಣವನ್ನು ಕೊಟ್ಟಿದೆ. ಆಧುನಿಕ ಸಂಶೋಧನೆಯೆಲ್ಲವೂ ಪ್ರಾಚೀನರಿಗೆ ಗೊತ್ತಿತ್ತೆಂದು ಸಾಧಿಸುವ ಉತ್ಸಾಹ ಈ ಲೇಖನಕ್ಕಿಲ್ಲ. ಆದರೂ ಕೃಶನಾದವನಿಗೂ ಈ ರೋಗ ಬರಬಲ್ಲುದು, ಅದರ ಬೇರು ಜನ್ಮಕ್ಕಿಂತ ಹಿಂದೆ ಇರಬಲ್ಲುದು ಎಂಬ ಗ್ರಹಿಕೆ ಹಿಂದಿನ ವೈದ್ಯರ ಕಣ್ಣಿಗೆ ಬಿದ್ದಿದ್ದಿತೆಂಬುದು ಗಮನಾರ್ಹ. ಏಕೆಂದರೆ ಪಾಶ್ಚಾತ್ಯ ಪಠ್ಯಗಳನ್ನು ಓದಿ ಬಂದ ಇಪ್ಪತ್ತನೆಯ ಶತಮಾನದ ಭಾರತೀಯ ವೈದ್ಯನು ಈ ರೋಗಿಯನ್ನು ತನ್ನ ಕಣ್ಣಿಂದಲೇ ಹೊಸದಾಗಿ ಕಂಡುಕೊಳ್ಳಬೇಕಾಯಿತು.

ಯಾಜ್ಞಿಕರು ಪುಣೆಯಲ್ಲಿ ವೈದ್ಯಶಿಕ್ಷಣವನ್ನು ಪಡೆದು, ಮಧುಮೇಹದ ವಿಶೇಷಾಧ್ಯಯನಕ್ಕಾಗಿ ಆಕ್ಸ್‌ಫರ್ಡಿಗೆ ಹೋಗಿ, 1980ರ ದಶಕದಲ್ಲಿ ಊರಿಗೆ ಮರಳಿದರು. ಆಕ್ಸ್‌ಫರ್ಡಿನಲ್ಲಿ ಅವರು ನೋಡಿದ ಇಂದಿನ ವೈದ್ಯರು ಟೈಪ್-2 ಎನ್ನುವ ಬಗೆಯ ಮಧುಮೇಹಿಗಳು ಹೆಚ್ಚಾಗಿ ವಯಸ್ಸಾದವರು, ಮೈತುಂಬಿದವರು. ಪುಣೆಯ ಆಸ್ಪತ್ರೆಯಲ್ಲಿ ಅವರ ಮೇಜಿನ ಎದುರಿಗೆ ಬಂದು ಕುಳಿತವರಾದರೋ ಹತ್ತು ಹದಿನೈದು ವರ್ಷ ಕಿರಿಯರು. ಅಂತರರಾಷ್ಟ್ರೀಯ ಮಾನದಂಡದಿಂದ ಅಳೆದರೆ ಸ್ಥೂಲರೆಂದು ಕರೆಯಲು ಬಾರದವರು. ತೋಳು ತೊಡೆಗಳಲ್ಲಿ ಸಣಕಲು, ನಡುವಿನಲ್ಲಿ ಮಾತ್ರ ಸ್ವಲ್ಪ ಬೊಜ್ಜು. ಪುಸ್ತಕ ಹೇಳುವುದು ಒಂದು, ಎದುರಿಗಿರುವ ರೋಗಿ ತೋರುವುದು ಇನ್ನೊಂದು ಎಂಬ ಸಂದರ್ಭದಲ್ಲಿ ಬಹುಮಂದಿ ರೋಗಿಯನ್ನು ಅಪವಾದವೆಂದು ಬದಿಗಿಟ್ಟು ಪುಸ್ತಕವನ್ನು ಉಳಿಸಿಕೊಳ್ಳುತ್ತಾರೆ. ಯಾಜ್ಞಿಕರು ಸೊಂಟ-ನಿತಂಬಗಳ ಸುತ್ತಳತೆಗಳನ್ನು ಒಂದಕ್ಕೊಂದು ಹೋಲಿಸಿ ನೋಡತೊಡಗಿ, ದೇಹದ ಒಟ್ಟು ತೂಕಕ್ಕಿಂತ ಕೊಬ್ಬು ಸೇರಿರುವ ಎಡೆಯೇ ಭಾರತೀಯರಲ್ಲಿ ಮುಖ್ಯವೆಂಬ ನಿರ್ಣಯಕ್ಕೆ ಬಂದರು. ಆದರೆ ಈ ದೇಹರಚನೆ ಯಾವಾಗ ಆರಂಭವಾಯಿತೆಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಆ ಪ್ರಶ್ನೆಗೆ ದಾರಿ ತೋರಿದುದು ಇಂಗ್ಲೆಂಡಿನ ಕೆಲವು ಹಳೆಯ ದಫ್ತರಗಳು. ಹರ್ಟ್‌ಫರ್ಡ್‌ಷೈರ್ ಪ್ರಾಂತ್ಯದಲ್ಲಿ ಸೂಲಗಿತ್ತಿಯರ ಮೇಲ್ವಿಚಾರಕಿಯಾಗಿದ್ದ ಎಥೆಲ್ ಮಾರ್ಗರೆಟ್ ಬರ್ನ್‌ಸೈಡ್ ಎಂಬಾಕೆ 1911ರಿಂದ ಮೊದಲ್ಗೊಂಡು ಪ್ರತಿಯೊಂದು ಶಿಶುವಿನ ಜನನದ ತೂಕವನ್ನೂ ಒಂದು ವರ್ಷದ ತೂಕವನ್ನೂ ಬರೆದಿಡುವ ಏರ್ಪಾಡನ್ನು ಮಾಡಿದ್ದಳು. ಸೌತಾಂಪ್ಟನ್ನಿನ ಡೇವಿಡ್ ಬಾರ್ಕರ್ ಎಂಬ ವೈದ್ಯ ಆ ಕಡತಗಳನ್ನು ಹುಡುಕಿ ತೆಗೆದು, 1911ರಿಂದ 1930ರೊಳಗೆ ಹುಟ್ಟಿದ 5,654 ಗಂಡಸರ ಗತಿಯನ್ನು ಅನುಸರಿಸಿ, ಹುಟ್ಟಿದಾಗಲೂ ಒಂದು ವರ್ಷದಲ್ಲಿಯೂ ಹಗುರವಾಗಿದ್ದವರೇ ಮುಂದೆ ಹೃದ್ರೋಗದಿಂದ ಹೆಚ್ಚಾಗಿ ಸತ್ತರೆಂಬುದನ್ನು 1989ರಲ್ಲಿ ಪ್ರಕಟಿಸಿದನು. ಎರಡು ವರ್ಷಗಳ ಅನಂತರ ನಿಕೋಲಸ್ ಹೇಲ್ಸ್‌ನೊಡನೆ ಕೂಡಿ, ಮಧುಮೇಹಕ್ಕೂ ಅದೇ ಮಾತು ಸಲ್ಲುವುದೆಂದು ತೋರಿಸಿದನು. ಗರ್ಭದಲ್ಲಿ ಅನ್ನದ ಕೊರತೆಗೆ ಸಿಕ್ಕಿದ ಭ್ರೂಣವು ಮಿದುಳನ್ನು ಕಾಯುವುದಕ್ಕಾಗಿ ಮೇದೋಜೀರಕ, ಯಕೃತ್ತು, ಸ್ನಾಯು ಮುಂತಾದುವನ್ನು ಕಡಮೆ ಮಾಡಿಕೊಂಡು ಮಿತವ್ಯಯದ ಮೈಕಟ್ಟನ್ನು ತಾಳುತ್ತದೆ. ಮುಂದೆ ಸಮೃದ್ಧಿ ಬಂದಾಗ ಆ ಮೈಕಟ್ಟು ಅದಕ್ಕೇ ಮುಳುವಾಗುತ್ತದೆ ಎಂಬುದು 1992ರಲ್ಲಿ ಅವರಿಬ್ಬರೂ ಮಂಡಿಸಿದ ವಾದ. ಇದಕ್ಕೆ ಮೂವತ್ತು ವರ್ಷ ಹಿಂದೆ, 1962ರಲ್ಲಿ, ಅಮೆರಿಕದ ಜೇಮ್ಸ್ ನೀಲ್ ಮಿತವ್ಯಯವನ್ನು ವಂಶವಾಹಿಗಳ ಗುಣವೆಂದು ಊಹಿಸಿದ್ದನು. ಹೇಲ್ಸ್-ಬಾರ್ಕರರು ಅದನ್ನು ವಂಶದಿಂದ ತೆಗೆದು ಗರ್ಭಕ್ಕೆ ತಂದರು. ತಿದ್ದಬಹುದಾದ ಎಡೆಗೆ ತಂದರೆಂಬುದೇ ಅದರ ಮಹತ್ತ್ವ.

ಬಾರ್ಕರನ ವಾದವನ್ನು ಕೇಳಿ, ಸಣ್ಣ ಶಿಶುಗಳು ಇಷ್ಟೊಂದು ಹುಟ್ಟುವ ದೇಶದಲ್ಲಿ ಅದನ್ನು ಪರೀಕ್ಷಿಸದೆ ಬಿಡಲಾಗದೆಂದು ಯಾಜ್ಞಿಕರಿಗೆ ತೋರಿತು. ಕೆಇಎಂ ಆಸ್ಪತ್ರೆಯಲ್ಲಿ ಹುಟ್ಟಿ ತೂಕ ದಾಖಲಾಗಿದ್ದ ನಾಲ್ಕು ವರ್ಷದ ಮಕ್ಕಳನ್ನು ಕರೆಸಿ, ಗ್ಲೂಕೋಸ್ ಕುಡಿಸಿ, ಅರ್ಧ ಗಂಟೆಯ ಮೇಲೆ ರಕ್ತವನ್ನು ನೋಡಿದಾಗ, ಹುಟ್ಟಿನಲ್ಲಿ ಹಗುರವಾಗಿದ್ದವರಲ್ಲಿ ಸಕ್ಕರೆಯೂ ಇನ್ಸುಲಿನ್ನೂ ಹೆಚ್ಚಾಗಿದ್ದುವು. ಇದು ಪ್ರಕಟವಾದುದು 1995ರಲ್ಲಿ. ಅದೇ ಬಳಗದ ಮಕ್ಕಳು ಎಂಟು ವರ್ಷದವರಾದಾಗ ಚಿತ್ರ ಇನ್ನೂ ಸ್ಪಷ್ಟವಾಯಿತು: ಹುಟ್ಟಿದಾಗ ಸಣ್ಣವರಾಗಿದ್ದು ಎಂಟರ ವೇಳೆಗೆ ದಷ್ಟಪುಷ್ಟರಾದವರಲ್ಲಿಯೇ ಇನ್ಸುಲಿನ್ನಿಗೆ ದೇಹದ ಪ್ರತಿರೋಧ ಎಲ್ಲರಿಗಿಂತ ಮಿಗಿಲು. ಸಣ್ಣ ಕೂಸನ್ನು ಬೇಗ ಬೇಗ ತುಂಬಿಸಿ ದುಂಡಗೆ ಮಾಡಬೇಕೆಂಬ ಮಾತೃಸಹಜವಾದ ತವಕ ನಮ್ಮ ಮನೆಗಳಲ್ಲೆಲ್ಲ ಉಂಟು. ಆ ತವಕವನ್ನು ಹಳಿಯದೆ, ಆದರೆ ಅದರ ಫಲವನ್ನು ಮರೆಮಾಚದೆ, ಈ ಅಂಕಿಗಳನ್ನು ಓದಬೇಕು.

ಆಸ್ಪತ್ರೆಯ ಕಡತಗಳಿಂದ ತಿಳಿಯುವುದು ತೂಕವೊಂದೇ. ತಾಯಿ ಏನು ಉಂಡಳೆಂಬುದು ಅದರಲ್ಲಿರದು. ಆದುದರಿಂದ 1993ರಲ್ಲಿ ಯಾಜ್ಞಿಕರು ಪುಣೆಗೆ ಸುಮಾರು 50 ಕಿಲೋಮೀಟರು ದೂರದ, ಮಳೆಯನ್ನೇ ನೆಚ್ಚಿದ ಆರು ಹಳ್ಳಿಗಳಲ್ಲಿ, ಸೌತಾಂಪ್ಟನ್ನಿನ ಕ್ಯಾರೊಲಿನ್ ಫಾಲ್ ಮೊದಲಾದವರ ಸಹಕಾರದಿಂದ, ಪುಣೆ ಮಾತೃಪೋಷಣಾ ಅಧ್ಯಯನವೆಂಬ ದೀರ್ಘಕಾಲಿಕ ಕಾರ್ಯವನ್ನು ಆರಂಭಿಸಿದರು. ಗರ್ಭ ನಿಂತ ಮೇಲೆ ಬರುವ ಹೆಂಗಸನ್ನು ಕಾದು ಕುಳಿತರೆ ಮೊದಲ ವಾರಗಳು ಕೈತಪ್ಪಿಹೋಗುತ್ತವೆ. ಈ ಕಾರಣದಿಂದ ಕಾರ್ಯಕರ್ತೆಯರು ಮದುವೆಯಾದ ಪ್ರತಿಯೊಬ್ಬ ಹೆಣ್ಣುಮಗಳ ಮನೆಗೂ ತಿಂಗಳಿಗೊಮ್ಮೆ ಹೋಗಿ, ಹೊರಗಾದ ದಿನವನ್ನು ಕೇಳಿ ಬರೆದುಕೊಂಡು, ತಿಂಗಳು ತಪ್ಪಿದ ಕೂಡಲೇ ಪರೀಕ್ಷೆಗೆ ಕರೆತರುವ ವ್ಯವಸ್ಥೆಯಾಯಿತು. ಗರ್ಭದ ಹದಿನೆಂಟನೆಯ ವಾರದಲ್ಲಿಯೂ ಇಪ್ಪತ್ತೆಂಟನೆಯ ವಾರದಲ್ಲಿಯೂ ಅವಳು ಉಂಡುದನ್ನು ಅಳೆದು, ದುಡಿದುದನ್ನು ಕೇಳಿ, ರಕ್ತವನ್ನು ತೆಗೆದಿಟ್ಟರು. ನೀರು ಹೊರುವುದು, ಹೊಲದಲ್ಲಿ ಬಗ್ಗಿ ಕೆಲಸ ಮಾಡುವುದು ಇವೂ ಆ ಲೆಕ್ಕದೊಳಗೆ ಬಂದುವು. ಸುಮಾರು ಎಂಟು ನೂರು ಗರ್ಭಗಳ ವೃತ್ತಾಂತ ಹೀಗೆ ಸಂಗ್ರಹವಾಯಿತು.

ಹೆರಿಗೆಯಾದ ಮೂರು ದಿನಗಳೊಳಗೆ ಕೂಸನ್ನು ಅಳೆಯಬೇಕು. ತಕ್ಕಡಿಯಲ್ಲಿ ಮಲಗಿಸಿ ತೂಕ ನೋಡುವುದು ಸುಲಭ. ಚರ್ಮದ ಮಡಿಕೆಯನ್ನು ಅಳೆಯುವುದು ಸೂಕ್ಷ್ಮದ ಕೆಲಸ. ಅಳೆಯುವಾಕೆ ತನ್ನ ಹೆಬ್ಬೆರಳು ತೋರುಬೆರಳುಗಳ ನಡುವೆ ಶಿಶುವಿನ ಹೆಗಲ ಎಲುಬಿನ ತುದಿಯ ಕೆಳಗಿನ ತೊಗಲನ್ನು ಹಗುರಾಗಿ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿರುವ ಇಕ್ಕುಳದಂಥ ಉಪಕರಣದ ಎರಡು ದವಡೆಗಳನ್ನು ಆ ಮಡಿಕೆಗೆ ತಗುಲಿಸಿ, ಮುಳ್ಳು ನಿಲ್ಲುವವರೆಗೆ ಕಾದು, ಕೆಲವೇ ಮಿಲಿಮೀಟರಿನ ಆ ಸಂಖ್ಯೆಯನ್ನು ಬರೆದುಕೊಳ್ಳುತ್ತಾಳೆ. ಮಗು ಅಳುತ್ತಿರುತ್ತದೆ, ಬಾಣಂತಿ ನೋಡುತ್ತಿರುತ್ತಾಳೆ. ಈ ಅಧ್ಯಯನದ ಅತಿಮುಖ್ಯವಾದ ಶೋಧ ನಿಂತಿರುವುದು ಆ ಮಿಲಿಮೀಟರುಗಳ ಮೇಲೆ.

ತಾಯಂದಿರ ಗರ್ಭಪೂರ್ವದ ತೂಕ ಸರಾಸರಿ 42 ಕೆ.ಜಿ.; ಎತ್ತರ 152 ಸೆಂಟಿಮೀಟರು; ದಿನಕ್ಕೆ ಅವರಿಗೆ ದಕ್ಕುತ್ತಿದ್ದುದು ಸುಮಾರು 1,800 ಕ್ಯಾಲೊರಿ, 45 ಗ್ರಾಂ ಪ್ರೋಟೀನು. ದಿನ ತುಂಬಿ ಹುಟ್ಟಿದ ಶಿಶುಗಳ ತೂಕ ಸರಾಸರಿ 2.7 ಕೆ.ಜಿ. ಸೌತಾಂಪ್ಟನ್ನಿನಲ್ಲಿ ಹುಟ್ಟಿದ ಬಿಳಿಯ ಶಿಶುಗಳದು 3.5 ಕೆ.ಜಿ. ಅಂತರ ಸುಮಾರು 800 ಗ್ರಾಂ. ಈ ಅಂತರ ದೇಹದಲ್ಲೆಲ್ಲ ಸಮನಾಗಿ ಹಂಚಿಹೋಗಿದ್ದರೆ, ಭಾರತದ ಕೂಸು ಇಂಗ್ಲೆಂಡಿನ ಕೂಸಿನ ಚಿಕ್ಕ ಪ್ರತಿಯೆಂದು ಹೇಳಿ ಮುಗಿಸಬಹುದಾಗಿತ್ತು. ಹಾಗಾಗಿರಲಿಲ್ಲ. ಎಲ್ಲಕ್ಕಿಂತ ಹೆಚ್ಚು ಕುಗ್ಗಿದ್ದುದು ಹೊಟ್ಟೆಯ ಸುತ್ತಳತೆ, ಎಂದರೆ ಯಕೃತ್ತು ಮುಂತಾದ ಒಳಾಂಗಗಳ ಗಾತ್ರ. ಅದರ ಬಳಿಕ ತೋಳಿನ ಸುತ್ತಳತೆ, ಎಂದರೆ ಸ್ನಾಯು. ತಲೆಯೂ ಉದ್ದವೂ ಅಷ್ಟಾಗಿ ಕುಗ್ಗಿರಲಿಲ್ಲ. ಹೆಗಲ ಕೆಳಗಿನ ತೊಗಲಿನ ಮಡಿಕೆಯಾದರೋ ಎಲ್ಲಕ್ಕಿಂತ ಕಡಮೆ ಕುಗ್ಗಿತ್ತು. ನೋಡುವುದಕ್ಕೆ ನರಪೇತಲವಾಗಿದ್ದ ಆ ಶಿಶು ತನಗೆ ಸಿಕ್ಕಿದ ಅಲ್ಪವನ್ನು ಮಾಂಸವಾಗಿ ಕಟ್ಟದೆ ಮೇದಸ್ಸಾಗಿ ಕೂಡಿಟ್ಟುಕೊಂಡಿತ್ತು. 2003ರಲ್ಲಿ ಪ್ರಕಟವಾದ ಈ ಲೇಖನದಿಂದಲೇ ಕೃಶಸ್ಥೂಲ ಶಿಶುವೆಂಬ ಕಲ್ಪನೆ ಜಗತ್ತಿಗೆಲ್ಲ ಪರಿಚಿತವಾಯಿತು.

ಇದೇಕೆ ಮುಖ್ಯವೆಂದರೆ, ಉಂಡ ಸಕ್ಕರೆಯನ್ನು ರಕ್ತದಿಂದ ಎಳೆದುಕೊಂಡು ಬಳಸುವ ದೊಡ್ಡ ಕಣಜ ಸ್ನಾಯುವೇ. ಸ್ನಾಯು ಕಡಮೆಯಾದವನಲ್ಲಿ ಅದೇ ಊಟ ಹೆಚ್ಚು ಹೊತ್ತು ರಕ್ತದಲ್ಲಿ ನಿಲ್ಲುತ್ತದೆ. ಮೇದೋಜೀರಕ ಗ್ರಂಥಿ ಹೆಚ್ಚು ಇನ್ಸುಲಿನ್ನನ್ನು ಸುರಿಸಬೇಕಾಗುತ್ತದೆ. ಆ ಗ್ರಂಥಿಯ ಕಣಗಳೇ ಗರ್ಭದಲ್ಲಿ ಸಾಲದೆ ಹುಟ್ಟಿದ್ದರೆ ಒಂದು ದಿನ ಅವು ಸೋಲುತ್ತವೆ. ಹೊಕ್ಕುಳಬಳ್ಳಿಯ ರಕ್ತವನ್ನು ಪರೀಕ್ಷಿಸಿ 2002ರಲ್ಲಿ ಯಾಜ್ಞಿಕರ ತಂಡ ಪ್ರಕಟಿಸಿದ ಫಲಿತಾಂಶವೂ ಇದಕ್ಕೆ ಹೊಂದುತ್ತದೆ: ಲಂಡನ್ನಿನ ಬಿಳಿಯ ಶಿಶುಗಳಿಗಿಂತ ಪುಣೆಯ ಶಿಶುಗಳು ಎಷ್ಟೋ ಹಗುರವಾಗಿದ್ದರೂ ಅವುಗಳ ರಕ್ತದಲ್ಲಿ ಇನ್ಸುಲಿನ್ ಹೆಚ್ಚಾಗಿತ್ತು; ಕೊಬ್ಬಿನ ಕಣಗಳು ಸ್ರವಿಸುವ ಲೆಪ್ಟಿನ್, ತೂಕದ ಅಂತರವನ್ನು ಗಣನೆಗೆ ತಂದಾಗ, ಮಿಗಿಲಾಗಿಯೇ ಇತ್ತು.

ವಯಸ್ಕರಲ್ಲಿ ಇದೇ ಲಕ್ಷಣ ಹೇಗೆ ಕಾಣುವುದೆಂಬುದಕ್ಕೆ ಯಾಜ್ಞಿಕರು ತಮ್ಮ ದೇಹವನ್ನೇ ಉದಾಹರಣೆಯಾಗಿ ಕೊಟ್ಟರು. ಲಂಡನ್ನಿನ ಜಾನ್ ಯುಡ್ಕಿನ್ ಎಂಬ ವೈದ್ಯನೂ ಅವರೂ ಅಕ್ಕಪಕ್ಕದಲ್ಲಿ ನಿಂತು ತೆಗೆಸಿಕೊಂಡ ಭಾವಚಿತ್ರದೊಡನೆ ಅವರಿಬ್ಬರ ಒಂದು ಪುಟದ ಬರೆಹ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದಿತು. ಎತ್ತರಕ್ಕೆ ತಕ್ಕ ತೂಕವನ್ನು ಸೂಚಿಸುವ ದೇಹತೂಕ ಸೂಚ್ಯಂಕ ಇಬ್ಬರಿಗೂ 22.3. ದೇಹದ ಕೊಬ್ಬು ಮಾತ್ರ ಯುಡ್ಕಿನ್ನನಲ್ಲಿ ಶೇಕಡಾ 9.1, ಯಾಜ್ಞಿಕರಲ್ಲಿ ಶೇಕಡಾ 21.2. ನೂರು ಪುಟದ ಪ್ರಬಂಧ ಹೇಳಲಾರದುದನ್ನು ಆ ಒಂದು ಚಿತ್ರ ಹೇಳಿತೆಂದರೆ ಅತಿಶಯೋಕ್ತಿಯಲ್ಲ. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರೂ ಏಷ್ಯದ ಜನರಿಗೆ ಈ ಸೂಚ್ಯಂಕದಲ್ಲಿ ಅಧಿಕತೂಕಕ್ಕೂ ಸ್ಥೂಲತೆಗೂ ಇಟ್ಟ 25, 30 ಎಂಬ ಮೇರೆಗಳು ಸಾಲವೆಂದು ಕಂಡು, 23, 27.5 ಎಂಬ ಅಂಕಗಳಿಂದಲೇ ಎಚ್ಚರ ವಹಿಸಬೇಕೆಂದು ಸೂಚಿಸಿದರು.

ಇನ್ನು ಮೈಸೂರಿನ ವೃತ್ತಾಂತ. ಊರಿನ ಜನ ಮಿಷನ್ ಆಸ್ಪತ್ರೆಯೆಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1906ರಲ್ಲಿ ಸ್ಥಾಪಿತವಾದುದು. ಅಲ್ಲಿಯ ಹೆರಿಗೆ ವಿಭಾಗದ ದಾದಿಯರು 1934ರಿಂದ ಮೊದಲ್ಗೊಂಡು ಪ್ರತಿ ಶಿಶುವಿನ ತೂಕ, ಉದ್ದ, ತಲೆಯ ಸುತ್ತಳತೆ ಈ ಮೂರನ್ನೂ, ತಾಯಿಯ ತೂಕವನ್ನೂ ಬರೆದಿಟ್ಟಿದ್ದರು. ಆ ಕಾಗದಗಳು ಗೆದ್ದಲಿಗೂ ಗುಜರಿಗೂ ಬೀಳದೆ ಉಳಿದುವು. ನಮ್ಮ ದೇಶದಲ್ಲಿ ಅರುವತ್ತು ವರ್ಷ ಹಿಂದಿನ ಶಿಶುವಿನ ತಲೆಯ ಅಳತೆ ಸಿಕ್ಕುವ ಸ್ಥಳಗಳು ಬಲು ವಿರಳವೆಂಬುದನ್ನು ನೆನೆದರೆ, ಅದನ್ನು ಬರೆದ, ಹೆಸರು ಉಳಿಯದ ಆ ದಾದಿಯರಿಗೆ ಕೈಮುಗಿಯಬೇಕೆನ್ನಿಸುತ್ತದೆ. ಆಸ್ಪತ್ರೆಯ ಆಸುಪಾಸಿನ ಬೀದಿಗಳಲ್ಲಿ ಮನೆಮನೆಗೂ ಹೋಗಿ, ಅಲ್ಲಿ ಹುಟ್ಟಿದವರು ಯಾರೆಂದು ವಿಚಾರಿಸಿ, 1934ರಿಂದ 1954ರೊಳಗೆ ಹುಟ್ಟಿದ 517 ಮಂದಿ ಸ್ತ್ರೀಪುರುಷರನ್ನು ಹುಡುಕಿ ಪರೀಕ್ಷಿಸಿದರು. ಕ್ಲಾಡಿಯ ಸ್ಟೈನ್, ಕ್ಯಾರೊಲಿನ್ ಫಾಲ್, ಕೆ. ಕುಮಾರನ್ ಮುಂತಾದವರ ಈ ಅಧ್ಯಯನ 1996ರಲ್ಲಿ ಪ್ರಕಟವಾಯಿತು. ಹುಟ್ಟಿನಲ್ಲಿ ಐದೂವರೆ ಪೌಂಡು, ಎಂದರೆ 2.5 ಕೆ.ಜಿ. ಅಥವಾ ಅದಕ್ಕಿಂತ ಕಡಮೆ ತೂಗಿದವರಲ್ಲಿ ಶೇಕಡಾ 11 ಮಂದಿಗೆ ಹೃದಯದ ರಕ್ತನಾಳದ ರೋಗವಿತ್ತು, 3.1 ಕೆ.ಜಿ.ಗೆ ಮೇಲ್ಪಟ್ಟವರಲ್ಲಿ ಶೇಕಡಾ 3 ಮಾತ್ರ. ತಾನು ಹಗುರವಾಗಿ ಹುಟ್ಟಿ, ತಾಯಿಯೂ ಬಸುರಿನಲ್ಲಿ ನೂರು ಪೌಂಡಿಗಿಂತ ಕಡಮೆ ತೂಗಿದ್ದವರಲ್ಲಿ ರೋಗ ಶೇಕಡಾ 20ಕ್ಕೆ ಏರಿತ್ತು.

ಹೃದ್ರೋಗದಲ್ಲಿ ಮೈಸೂರು ಬಾರ್ಕರನ ಮಾತನ್ನೇ ಅನುಮೋದಿಸಿತು. ಮಧುಮೇಹದಲ್ಲಿ ಹಾಗಾಗಲಿಲ್ಲ, ಈ ವಿಷಯದಲ್ಲಿ ಅತ್ಯಂತ ಬೋಧಪ್ರದವಾದ ಘಟ್ಟ ಇದೇ ಎಂದು ಈ ಲೇಖಕನ ಅಭಿಪ್ರಾಯ. ಅದೇ ಬಳಗದಲ್ಲಿ ಸಕ್ಕರೆ ಕಾಯಿಲೆ ಯಾರಿಗೆ ಹೆಚ್ಚಾಗಿ ಬಂದಿದೆಯೆಂದು ನೋಡಲಾಗಿ, ಅವರು ಹಗುರ ಶಿಶುಗಳಲ್ಲ. ಉದ್ದ ಕಡಮೆಯಾಗಿ, ಉದ್ದಕ್ಕೆ ಮೀರಿದ ತೂಕವಿದ್ದ ಗಿಡ್ಡ ದಪ್ಪ ಶಿಶುಗಳು. ಅವರ ತಾಯಂದಿರು ಉಳಿದವರಿಗಿಂತ ಭಾರವಾಗಿದ್ದವರು. 1998ರಲ್ಲಿ ಇದನ್ನು ಪ್ರಕಟಿಸಿದ ಫಾಲ್ ಮತ್ತು ಸಂಗಡಿಗರು, ಬಾರ್ಕರನ ಸಿದ್ಧಾಂತಕ್ಕೆ ಒಗ್ಗದ ಈ ಫಲಿತಾಂಶವನ್ನು ಮುಚ್ಚಿಡದೆ, ಅದಕ್ಕೆ ಒಂದು ಕಾರಣವನ್ನು ಊಹಿಸಿದರು. ಬಾಲ್ಯದಲ್ಲಿ ಅರೆಹೊಟ್ಟೆಯುಂಡು ಗಿಡ್ಡಗೆ ಬೆಳೆದ ಹೆಣ್ಣುಮಗಳು ಪಟ್ಟಣದಲ್ಲಿ ಸ್ವಲ್ಪ ಮೈತುಂಬಿಕೊಂಡರೆ ಸಾಕು, ಬಸುರಿನಲ್ಲಿ ಅವಳ ರಕ್ತದ ಸಕ್ಕರೆ ಏರುತ್ತದೆ. ಆ ಸಕ್ಕರೆ ಜರಾಯುವನ್ನು ದಾಟಿ ಹೋಗಿ ಶಿಶುವನ್ನು ಕೊಬ್ಬಿಸುತ್ತದೆ. ಬಸುರಿನ ಮಧುಮೇಹ ಮಕ್ಕಳ ಮಧುಮೇಹಕ್ಕೆ ಬೀಜವೆಂಬುದನ್ನು ಡೆನ್ಮಾರ್ಕಿನ ಪೀಡರ್ಸನ್ನನೂ ಅಮೆರಿಕದ ಫ್ರೈಂಕೆಲ್ಲನೂ ಮೊದಲೇ ಸೂಚಿಸಿದ್ದರು. ಕೊರತೆ, ಅತಿರೇಕ ಇವೆರಡೂ ಒಂದೇ ಗರ್ಭದಲ್ಲಿ, ಒಂದೇ ಹೆಣ್ಣಿನ ಬಾಳಿನಲ್ಲಿ, ಒಂದರ ಹಿಂದೊಂದು ಬಂದು ಎರಗಬಹುದೆಂಬುದು ಮೈಸೂರಿನಿಂದ ಹೊರಟ ಪಾಠ. ಮುಂದೆ ಯಾಜ್ಞಿಕರು ತಮ್ಮ ಬರೆಹಗಳಲ್ಲಿ ಈ ಎರಡು ಬಗೆಯ ಹಾನಿಯನ್ನೂ ಒಟ್ಟಿಗೆ ಇರಿಸಿಯೇ ಭಾರತದ ಮಧುಮೇಹವನ್ನು ವಿವರಿಸಿದರು.

ಈ ಊಹೆಯನ್ನು ಪರೀಕ್ಷಿಸಲು 1997-98ರಲ್ಲಿ ಅದೇ ಆಸ್ಪತ್ರೆಗೆ ಬಂದ 830 ಗರ್ಭಿಣಿಯರನ್ನು ಕೂಡಿಸಿಕೊಂಡು ಮೈಸೂರು ಪಾರ್ಥಿನಾನ್ ಅಧ್ಯಯನವು ಮೊದಲಾಯಿತು. ಗರ್ಭಿಣಿಯರಲ್ಲಿ ಶೇಕಡಾ 6.2 ಮಂದಿಗೆ ಬಸುರಿನ ಮಧುಮೇಹವಿದ್ದುದು ಕಂಡುಬಂತು. ಅವರ ಮಕ್ಕಳು, ಅದರಲ್ಲಿಯೂ ಹೆಣ್ಣುಮಕ್ಕಳು, ಐದು ವರ್ಷಕ್ಕೇ ಉಳಿದವರಿಗಿಂತ ಹೆಚ್ಚು ಕೊಬ್ಬನ್ನು ತಳೆದಿದ್ದರು. ಒಂಬತ್ತೂವರೆ ವರ್ಷಕ್ಕೆ ಆ ಅಂತರ ಇನ್ನೂ ಅಗಲವಾಗಿತ್ತೆಂದು ಜಿ. ವಿ. ಕೃಷ್ಣವೇಣಿ ಮತ್ತು ಸಂಗಡಿಗರು ತೋರಿಸಿದ್ದಾರೆ. ಪುಣೆಯ ಹಳ್ಳಿಗಳವರಿಗಿಂತ ಮೈಸೂರಿನ ತಾಯಂದಿರು ಅನುಕೂಲಸ್ಥರಾಗಿದ್ದರೂ, ಅವರ ಶಿಶುಗಳಲ್ಲಿಯೂ ಮೈಯೆಲ್ಲ ಸಣ್ಣದಾಗಿ ಬೆನ್ನಿನ ಕೊಬ್ಬು ಮಾತ್ರ ಉಳಿದಿದ್ದಿತೆಂಬುದು, ಕೃಶಸ್ಥೂಲ ಲಕ್ಷಣ ಬರಪೀಡಿತ ಹಳ್ಳಿಯೊಂದರ ವಿಶೇಷವಲ್ಲವೆಂಬುದಕ್ಕೆ ಸಾಕ್ಷಿ.

ಹಾಗಾದರೆ ತಾಯಿಯ ಊಟದಲ್ಲಿ ಇಲ್ಲದುದು ಯಾವುದು? ಅನ್ನವೇ ಕಡಮೆಯೆಂಬುದು ಮೊದಲು ತೋಚುವ ಉತ್ತರ. ಪುಣೆಯ ಅಧ್ಯಯನದಲ್ಲಿ ತಾಯಿ ಉಂಡ ಒಟ್ಟು ಕ್ಯಾಲೊರಿಗೂ ಪ್ರೋಟೀನಿಗೂ ಶಿಶುವಿನ ಗಾತ್ರಕ್ಕೂ ಹೇಳಿಕೊಳ್ಳುವಂಥ ನಂಟು ಕಾಣಲಿಲ್ಲ. ನಂಟು ಕಂಡುದು ಹಾಲು, ಹಣ್ಣು, ಸೊಪ್ಪು ಇವುಗಳೊಡನೆ. ಹೆಚ್ಚು ಸಲ ಸೊಪ್ಪು ತಿಂದವರ ಕೂಸುಗಳು ದೊಡ್ಡವಾಗಿದ್ದುವು. ಹೊಟ್ಟೆ ತುಂಬುವುದು ಬೇರೆ, ಮೈ ಕಟ್ಟುವುದು ಬೇರೆ ಎಂಬುದನ್ನು ನಮ್ಮ ಅಜ್ಜಿಯರು ಬಸುರಿಗೆ ಸೊಪ್ಪಿನ ಸಾರು ಬಡಿಸುವಾಗ ಅರಿತಿದ್ದರೆಂದು ಹೇಳಬಹುದು. ಆದರೆ ಮಗು ದಪ್ಪವಾದರೆ ಹೆರಿಗೆ ಕಷ್ಟವೆಂದು ಕಡೆಯ ತಿಂಗಳುಗಳಲ್ಲಿ ಅವಳ ಊಟವನ್ನು ತಗ್ಗಿಸಿದುದೂ ಅದೇ ಮನೆಗಳಲ್ಲಿ ಎಂಬುದನ್ನೂ ಹೇಳದೆ ಇರಲಾಗದು.

ತೆಗೆದಿಟ್ಟಿದ್ದ ರಕ್ತವನ್ನು ಪರೀಕ್ಷಿಸಿದಾಗ ಇನ್ನೊಂದು ಅನಿರೀಕ್ಷಿತ ಸಂಗತಿ ಹೊರಬಿದ್ದಿತು. ಫೋಲಿಕ್ ಆಮ್ಲದ ಕೊರತೆ ಅಲ್ಲಿ ಇಲ್ಲವೇ ಇಲ್ಲವೆನ್ನಬಹುದು. ಬಿ-12 ಜೀವಸತ್ವವಾದರೋ ಮೂರರಲ್ಲಿ ಎರಡು ಪಾಲು ತಾಯಂದಿರಲ್ಲಿ ಸಾಲದಾಗಿತ್ತು. ಮೈಸೂರಿನಲ್ಲಿ ಈ ಕೊರತೆ ಶೇಕಡಾ 43. ಈ ಜೀವಸತ್ವವನ್ನು ಸೂಕ್ಷ್ಮಾಣುಗಳು ಮಾತ್ರ ತಯಾರಿಸಬಲ್ಲುವು. ಅದು ಮನುಷ್ಯನಿಗೆ ದೊರೆಯುವುದು ಮಾಂಸ, ಮೀನು, ಮೊಟ್ಟೆ, ಹಾಲುಗಳಿಂದ. ರಾಗಿ, ಜೋಳ, ಬೇಳೆ, ಸೊಪ್ಪು ಯಾವುದರಲ್ಲಿಯೂ ಅದಿಲ್ಲ. ಶಾಕಾಹಾರಿಯಾದ ಬಡವಳಿಗೆ ಹಾಲೊಂದೇ ಗತಿ. ಮನೆಯ ಹಾಲು ಡೈರಿಗೆ ಹೋಗಿ, ಉಳಿದುದು ಗಂಡಸರಿಗೂ ಮಕ್ಕಳಿಗೂ ಸಂದು, ಅವಳ ಪಾಲಿಗೆ ಬರುವುದು ಚಹಾದ ಬಣ್ಣಕ್ಕೆ ಬೇಕಾದಷ್ಟೆ. ಸರಕಾರವು ಬಸುರಿಯರಿಗೆ ಹಂಚುವ ಮಾತ್ರೆಯಲ್ಲಿ ಕಬ್ಬಿಣವೂ 500 ಮೈಕ್ರೊಗ್ರಾಂ ಫೋಲಿಕ್ ಆಮ್ಲವೂ ಇರುತ್ತವೆ, ಬಿ-12 ಇರುವುದಿಲ್ಲ.

ಈ ಎರಡು ಜೀವಸತ್ವಗಳು ಜೀವಕೋಶದಲ್ಲಿ ಒಂದೇ ನೊಗಕ್ಕೆ ಹೂಡಿದ ಎತ್ತುಗಳಂತೆ. ಫೋಲೇಟು, ಎಂದರೆ ಜೀವಕೋಶದಲ್ಲಿ ಫೋಲಿಕ್ ಆಮ್ಲ ತಾಳುವ ರೂಪ, ಹೊತ್ತು ತಂದ ಮೀಥೈಲ್ ಎಂಬ ಪುಟ್ಟ ಇಂಗಾಲದ ಗುಂಪನ್ನು ಬಿ-12 ಇಳಿಸಿಕೊಂಡು ಹೋಮೋಸಿಸ್ಟೀನ್ ಎಂಬ ವಸ್ತುವಿಗೆ ದಾಟಿಸಿದಾಗಲೇ ಅದು ಮೆಥಿಯೊನೀನ್ ಆಗಿ ಮಾರ್ಪಡುತ್ತದೆ. ಆ ಮೆಥಿಯೊನೀನಿನಿಂದ ಹೊರಟ ಮೀಥೈಲ್ ಗುಂಪುಗಳು ಡಿಎನ್‌ಎಗೆ ಅಂಟಿ, ಯಾವ ವಂಶವಾಹಿ ಎಚ್ಚರವಾಗಿರಬೇಕು, ಯಾವುದು ಮಲಗಿರಬೇಕು ಎಂಬುದನ್ನು ಗರ್ಭದ ಮೊದಲ ವಾರಗಳಲ್ಲಿಯೇ ಗೊತ್ತುಮಾಡುತ್ತವೆ. ಬಿ-12 ಇಲ್ಲದಿದ್ದರೆ ಫೋಲೇಟು ಹೊರೆಯನ್ನು ಇಳಿಸಲಾರದೆ ನಿಲ್ಲುತ್ತದೆ. 2008ರಲ್ಲಿ ಯಾಜ್ಞಿಕರ ತಂಡ ಪ್ರಕಟಿಸಿದ ಫಲಿತಾಂಶದಂತೆ, ಬಸುರಿನಲ್ಲಿ ಫೋಲೇಟು ಹೆಚ್ಚಾಗಿದ್ದ ತಾಯಂದಿರ ಮಕ್ಕಳು ಆರು ವರ್ಷಕ್ಕೆ ಹೆಚ್ಚು ಕೊಬ್ಬಿದವರಾಗಿದ್ದರು. ಫೋಲೇಟು ಹೆಚ್ಚಾಗಿ ಬಿ-12 ಕಡಮೆಯಾಗಿದ್ದವರ ಮಕ್ಕಳಲ್ಲಿ ಇನ್ಸುಲಿನ್ನಿಗೆ ಪ್ರತಿರೋಧ ಎಲ್ಲರಿಗಿಂತ ಹೆಚ್ಚಾಗಿತ್ತು. ಸದುದ್ದೇಶದಿಂದ ಕೊಟ್ಟ ಒಂದು ಮಾತ್ರೆ, ಅದರ ಜೊತೆಗಾರನಿಲ್ಲದಿದ್ದಾಗ ಏನಾಗಬಹುದೆಂಬ ಗಂಭೀರವಾದ ಪ್ರಶ್ನೆಯನ್ನು ಇದು ಎತ್ತಿತು. ಫೋಲಿಕ್ ಆಮ್ಲವನ್ನು ಬಿಡಬೇಕೆಂದು ಇದರ ಅರ್ಥವಲ್ಲ. ಶಿಶುವಿನ ಬೆನ್ನುಹುರಿಯ ದೋಷಗಳನ್ನು ಅದು ತಡೆಯುವುದೆಂಬುದು ಸಿದ್ಧವಾದ ವಿಷಯ.

ಈ ಹಾನಿ ಒಂದು ತಲೆಮಾರಿನ ಅನ್ನದಿಂದ ಸರಿಹೋದೀತೆ ಎಂಬ ಸಂದೇಹಕ್ಕೆ, ಯಾಜ್ಞಿಕರೂ ಆನಂದವರ್ಧನ ಹರ್ಡೀಕರ್ ಮೊದಲಾದವರೂ 2015ರಲ್ಲಿ ಪ್ರಕಟಿಸಿದ ಇಲಿಗಳ ಪ್ರಯೋಗ ಕಠಿನವಾದ ಉತ್ತರವನ್ನು ಕೊಟ್ಟಿದೆ. ಐವತ್ತು ತಲೆಮಾರುಗಳ ಕಾಲ ಅರೆಯೂಟದಲ್ಲಿ ಬೆಳೆದ ಇಲಿಗಳು ಹಗುರವಾಗಿ ಹುಟ್ಟಿ, ಒಳಗೊಬ್ಬನ್ನು ತಾಳಿ, ಇನ್ಸುಲಿನ್ನಿಗೆ ಮಣಿಯದವಾದುವು. ಅನಂತರ ಎರಡು ತಲೆಮಾರು ತುಂಬು ಆಹಾರವನ್ನು ಕೊಟ್ಟರೂ ಆ ದೋಷಗಳು ನೀಗಲಿಲ್ಲ.

ಈ ಎಲ್ಲ ವಾದಕ್ಕೆ ಆಕ್ಷೇಪಣೆಗಳಿಲ್ಲದಿಲ್ಲ. ಇಂಗ್ಲೆಂಡಿನ ಬ್ರಾಡ್‌ಫರ್ಡಿನಲ್ಲಿ ಹುಟ್ಟಿದ ಪಾಕಿಸ್ತಾನಿ ಮೂಲದ ಶಿಶುಗಳು, ಪುಣೆಯ ಹಳ್ಳಿಗಳ ಬಡತನದಿಂದ ಎಷ್ಟೋ ದೂರದಲ್ಲಿದ್ದರೂ, ಬಿಳಿಯ ಶಿಶುಗಳಿಗಿಂತ ಹಗುರವಾಗಿಯೇ ಹುಟ್ಟಿ ಕೊಬ್ಬಿನಲ್ಲಿ ಅವರಿಗೆ ಸರಿಸಮನಾಗಿದ್ದುದು ಕಂಡುಬಂದುದರಿಂದ, ಇದೆಲ್ಲವೂ ವಂಶಗುಣವೇ ಹೊರತು ಪೋಷಣೆಯ ಮಾತಲ್ಲವೆಂದು ಕೆಲವರು ವಾದಿಸುತ್ತಾರೆ. ವಂಶವಾಹಿಗಳ ಪಾತ್ರವನ್ನು ಯಾಜ್ಞಿಕರೂ ಅಲ್ಲಗಳೆದವರಲ್ಲ. ಆದರೆ ಅಜ್ಜಿಯ ಕೊರತೆ ಮೊಮ್ಮಗುವಿನವರೆಗೆ ನಡೆದುಬರಬಹುದಾದರೆ, ವಲಸೆ ಹೋದವರ ಒಂದೆರಡು ತಲೆಮಾರಿನ ಸಮೃದ್ಧಿ ಇದನ್ನು ತೀರ್ಮಾನಿಸಲಾರದು. ಈ ಲೇಖಕನಿಗೆ ಪೋಷಣೆಯ ಪಕ್ಷವೇ ಹೆಚ್ಚು ಬಲವುಳ್ಳದ್ದಾಗಿ ತೋರುತ್ತದೆ.

ವಾದ ತೀರುವುದು ಪ್ರಯೋಗದಿಂದ. ಮುಂಬಯಿಯ ಕೊಳೆಗೇರಿಗಳಲ್ಲಿ ರಮೇಶ ಪೋತದಾರರೂ ಕ್ಯಾರೊಲಿನ್ ಫಾಲರೂ 2006ರಿಂದ ನಡೆಸಿದ ಪ್ರಯೋಗದಲ್ಲಿ ಆರು ಸಾವಿರಕ್ಕೂ ಮಿಕ್ಕ ಹೆಂಗಸರಿಗೆ ಗರ್ಭಕ್ಕೆ ಮೊದಲಿನಿಂದಲೇ ದಿನಕ್ಕೊಂದು ತಿನಿಸನ್ನು ಕೊಟ್ಟರು: ಅರ್ಧ ಮಂದಿಗೆ ಸೊಪ್ಪು, ಹಣ್ಣು, ಹಾಲು ಸೇರಿಸಿದುದು; ಉಳಿದವರಿಗೆ ಆಲೂಗಡ್ಡೆ ಈರುಳ್ಳಿಗಳಂಥವುಗಳಿಂದ ಮಾಡಿದುದು. ಒಟ್ಟಾಗಿ ನೋಡಿದರೆ ಜನನದ ತೂಕ ಏರಲಿಲ್ಲ. ಬಸುರಾಗುವುದಕ್ಕೆ ಮೂರು ತಿಂಗಳಾದರೂ ಮೊದಲಿನಿಂದ ಆ ತಿನಿಸನ್ನು ತಿಂದವರಲ್ಲಿ ಸುಮಾರು 48 ಗ್ರಾಂ ಏರಿತು. ತಾಯಿ ತೀರ ಬಡಕಲಾಗಿದ್ದರೆ ಅದೂ ಕಾಣಲಿಲ್ಲ. ಆದರೆ ಬಸುರಿನ ಮಧುಮೇಹ ಶೇಕಡಾ 12.4ರಿಂದ 7.3ಕ್ಕೆ ಇಳಿಯಿತು. ಒಂದು ಹಿಡಿ ಸೊಪ್ಪು ಹಾಲುಗಳಿಗೆ ಇದು ಸಣ್ಣ ಸಾಮರ್ಥ್ಯವಲ್ಲ.

ಪುಣೆಯಲ್ಲಿ ಯಾಜ್ಞಿಕರು ಇನ್ನೂ ಹಿಂದಕ್ಕೆ ಹೋದರು. 1993ರಿಂದ ಅಳೆಯುತ್ತ ಬಂದ ಆರು ಹಳ್ಳಿಗಳ ಆ ಕೂಸುಗಳೇ ಬೆಳೆದು ಮದುವೆಯ ವಯಸ್ಸಿಗೆ ಬರುತ್ತಿರಲಾಗಿ, 2012ರಿಂದ ಅವರಲ್ಲಿ ಕೆಲವರಿಗೆ ದಿನಕ್ಕೆ 2 ಮೈಕ್ರೊಗ್ರಾಂ ಬಿ-12, ಕೆಲವರಿಗೆ ಅದರೊಡನೆ ಇತರ ಸೂಕ್ಷ್ಮಪೋಷಕಗಳು, ಕೆಲವರಿಗೆ ಬರಿಯ ಮಾತ್ರೆ ಹೀಗೆ ಮೂರು ಪಂಗಡವಾಗಿ ಕೊಡತೊಡಗಿದರು. 2 ಮೈಕ್ರೊಗ್ರಾಂ ಎಂದರೆ ಊಟದಿಂದಲೇ ಸಿಕ್ಕಬೇಕಾಗಿದ್ದಷ್ಟು, ಅದಕ್ಕಿಂತ ಹೆಚ್ಚಲ್ಲ. ಇದನ್ನು ಹುಡುಗಿಯರಿಗೆ ಮಾತ್ರವಲ್ಲದೆ ಹುಡುಗರಿಗೂ ಕೊಟ್ಟುದು ವಿಶೇಷ. ತಂದೆಯ ಪೋಷಣೆಯೂ ಲೆಕ್ಕಕ್ಕೆ ಬರಬೇಕೆಂಬುದು ಅದರ ಆಶಯ.

ಅದೇ ಬಳಗ ಹದಿನೆಂಟು ವರ್ಷ ತುಂಬಿದಾಗ ನಡೆದ ಪರೀಕ್ಷೆಯ ಅಂಕಿಗಳು ಈಗ ಪ್ರಕಟವಾಗಿವೆ. 619 ಮಂದಿಯಲ್ಲಿ ಅರ್ಧದಷ್ಟು, ಶೇಕಡಾ 48, ಸಾಕಷ್ಟು ತೂಕವಿಲ್ಲದ ಸಣಕಲರು. ಆದರೂ ಹುಡುಗರಲ್ಲಿ ಶೇಕಡಾ 37, ಹುಡುಗಿಯರಲ್ಲಿ ಶೇಕಡಾ 18 ಮಂದಿಗೆ ರಕ್ತದ ಸಕ್ಕರೆ ಆಗಲೇ ಮೇರೆಯನ್ನು ಮೀರಿತ್ತು. ಹಿಂದಿನ ಕಾಗದಗಳನ್ನು ತೆಗೆದು ನೋಡಿದರೆ, ಆರು ಮತ್ತು ಹನ್ನೆರಡು ವರ್ಷಗಳಲ್ಲಿಯೇ ಅವರ ಬೆಳಗಿನ ಉಪವಾಸದ ಸಕ್ಕರೆ ಉಳಿದವರಿಗಿಂತ ಹೆಚ್ಚಾಗಿತ್ತು. ಅದಕ್ಕೂ ಹಿಂದೆ, ತಾಯಿಯ ಹೊಟ್ಟೆಯಲ್ಲಿದ್ದಾಗ, ಅವರ ಬೆಳವಣಿಗೆ ಹಿಂದೆ ಬಿದ್ದಿತ್ತು. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯೊಂದು ಭಾರತದಲ್ಲಿ ಹತ್ತು ಕೋಟಿಗೂ ಮಿಕ್ಕಿ ಮಧುಮೇಹಿಗಳಿರುವರೆಂದು ಅಂದಾಜು ಮಾಡಿದೆ. ಪುಣೆಯ ಆರು ಹಳ್ಳಿಗಳಲ್ಲಿ ಆ ಹುಡುಗಿಯರು ಈಗ ತಾಯಂದಿರಾಗಿದ್ದಾರೆ. ಅವರ ಕೂಸುಗಳನ್ನೂ ಹುಟ್ಟಿದ ಮೂರು ದಿನಗಳೊಳಗೆ ತಕ್ಕಡಿಯಲ್ಲಿ ಮಲಗಿಸಿ, ಹೆಗಲ ಎಲುಬಿನ ಕೆಳಗಿನ ತೊಗಲನ್ನು ಎರಡು ಬೆರಳುಗಳಿಂದ ಎತ್ತಿ ಹಿಡಿದು, ಅವರ ತಾಯಂದಿರನ್ನು ಅಂದು ಅಳೆದ ರೀತಿಯಲ್ಲಿಯೇ ಅಳೆದು ಬರೆದಿಡಲಾಗಿದೆ.